ಇಟ್ಟಿಗೆ ಆಮೇಲೆ, ಮೊದಲು ಡ್ರಾಯಿಂಗ್ ತೆಗೆಯಿರಿ

ಮೈಸೂರಿನ ಹೂಟಗಳ್ಳಿ ಕಡೆ ಸಣ್ಣ ಆಫೀಸ್ ಕಟ್ಟಿಸುವವರು ನನ್ನನ್ನು ಮೊದಲು ಕೇಳುವುದು, "ಪರಿಸರಕ್ಕೆ ಯಾವ ಇಟ್ಟಿಗೆ ಒಳ್ಳೇದು ಸಾರ್?" ಅಂತ. ನಾನು ಡ್ರಾಯಿಂಗ್ ಕೇಳುತ್ತೇನೆ. ಸೈಟಿನಲ್ಲಿ ಏನೆಲ್ಲ ವೇಸ್ಟ್ ಆಗುತ್ತದೆ ಅನ್ನುವುದು ಅಲ್ಲೇ ಕಾಣುತ್ತದೆ.

ಟೈಲ್ಸನ್ನೇ ನೋಡಿ. ಅಂಗಡಿಯವರು ಎರಡಡಿ ಅಂತ ಮಾರುವುದು ನಿಜಕ್ಕೂ 600 ಮಿಲಿಮೀಟರ್. ಆರು ಟೈಲ್ ಜೋಡಿಸಿದರೆ 3,600. ನಿಮ್ಮ ರೂಮು 12 ಅಡಿ, ಅಂದರೆ 3,658. ಪ್ರತಿ ಸಾಲಿನ ಕೊನೆಗೂ ಸುಮಾರು ಎರಡು ಇಂಚಿನ ಪಟ್ಟಿ ಕೂರಿಸಬೇಕು. ಅಷ್ಟು ಸಣ್ಣದು ಕತ್ತರಿಸುವಾಗಲೇ ಒಡೆಯುತ್ತದೆ. ಪ್ಲಾಸ್ಟರಿಂಗ್ ದಪ್ಪ, ಟೈಲ್ ಸಂದಿ ಎಲ್ಲ ಲೆಕ್ಕ ಹಾಕಿ ಗೋಡೆಯನ್ನು ಮೊದಲೇ ಒಂಚೂರು ಒಳಗೆ ತನ್ನಿ.

ಕಂಬಿ ಬರುವುದು 12 ಮೀಟರ್ ಉದ್ದ. ಮೂರೂವರೆ ಮೀಟರಿನ ಮೂರು ತುಂಡು ತೆಗೆದರೆ ಒಂದೂವರೆ ಉಳಿಯುತ್ತದೆ. ಕಿಟಕಿ ಮೇಲಿನ ಲಿಂಟಲ್‌ಗೆ ಅದೇ ದಪ್ಪದ ಕಂಬಿ ಇದ್ದರೆ ಅಲ್ಲಿಗೆ ಎತ್ತಿಡಿ. ಯಾವ ಕಂಬಿ ಎಷ್ಟುದ್ದ ಕತ್ತರಿಸಬೇಕು ಅನ್ನುವ ಬಾರ್ ಬೆಂಡಿಂಗ್ ಲಿಸ್ಟನ್ನು ಇಂಜಿನಿಯರ್ ಹತ್ತಿರ ಕೇಳಿ, ಕತ್ತರಿಸುವವರ ಕೈಗೇ ಕೊಡಿ. ಉಳಿದ ತುಂಡಿಗೆ ಗುಜರಿಯವನು ನೀವು ಕೊಂಡ ರೇಟು ಕೊಡಲ್ಲ, ಅಲ್ವಾ?

ಈಗ ಗೋಡೆ. ಪಾಯ ಅಗೆದ ಕೆಂಪು ಮಣ್ಣನ್ನು ಸುಮ್ನೆ ಲಾರಿಗೆ ತುಂಬಿಸಬೇಡಿ. ಮೇಲಿನ ಅರ್ಧ ಅಡಿ ಗಿಡಗಳಿಗೆ ಇರಲಿ. ಅದರ ಕೆಳಗಿನ ಮಣ್ಣನ್ನು ಗಾಜಿನ ಬಾಟಲಿಗೆ ಮೂರರಲ್ಲೊಂದು ಭಾಗ ಹಾಕಿ, ನೀರು, ಚಿಟಿಕೆ ಉಪ್ಪು ಸೇರಿಸಿ ಚೆನ್ನಾಗಿ ಕುಲುಕಿ, ಒಂದು ದಿನ ಅಲುಗಾಡಿಸದೆ ಬಿಡಿ. ತಳದಲ್ಲಿ ಮರಳು, ನಡುವೆ ಹೂಳು, ಮೇಲೆ ಜೇಡಿ ಪದರ ಪದರವಾಗಿ ನಿಲ್ಲುತ್ತದೆ. ಮರಳಿನ ಪಾಲೇ ಜಾಸ್ತಿ ಇದ್ದರೆ ಮಣ್ಣಿನ ಬ್ಲಾಕ್ ಮಾಡಿಸಬಹುದು. ಜೇಡಿ ಹೆಚ್ಚಿದ್ದರೆ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಬೆರೆಸಿ. ಎರೆಮಣ್ಣಾದರೆ ಈ ಯೋಚನೆಯನ್ನೇ ಬಿಡಿ. ಬ್ಲಾಕಿಗೆ ಸಿಮೆಂಟ್ ನೂರಕ್ಕೆ ಏಳರಷ್ಟು ಸಾಕಾಗುತ್ತದೆ. ಮೆಷಿನ್‌ನಲ್ಲಿ ಒತ್ತಿ ಮೂರು ವಾರವಾದರೂ ನೀರುಣಿಸಬೇಕು. ಗೂಡು ಹಾಕಿ ಸುಡುವ ಕೆಲಸವೇ ಇಲ್ಲ. ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಅನ್ನುವ ಗ್ರಾಮೀಣ ತಂತ್ರಜ್ಞಾನ ವಿಭಾಗ ಇದರ ಮೇಲೆ ಬಹಳ ಕೆಲಸ ಮಾಡಿದೆ. ಹೊಸ ಪ್ರಯೋಗ ಅಂತ ಮೇಸ್ತ್ರಿ ಮೂಗು ಮುರಿದರೆ ಅದನ್ನು ಹೇಳಿ.

ಸಿಮೆಂಟ್ ಪಿಪಿಸಿ ತಗೊಳ್ಳಿ, ಹಾರುಬೂದಿ ಸೇರಿರುತ್ತದೆ. ಇದು ನಿಧಾನಕ್ಕೆ ಗಟ್ಟಿಯಾಗುವುದರಿಂದ ಕಾಂಕ್ರೀಟಿನ ಆಸರೆ, ಅಂದರೆ ಸೆಂಟ್ರಿಂಗ್, ಬಿಚ್ಚಲು ಮಾತ್ರ ಆತುರ ಬೇಡ. ಬಾಗಿಲು ಹಳೇ ತೇಗದ್ದು ಸಿಕ್ಕಿದರೆ ಚೌಕಟ್ಟಿನ ಬುಡಕ್ಕೆ ಚಾಕು ಚುಚ್ಚಿ ನೋಡಿ. ಗೆದ್ದಲು ತಿಂದಿದ್ದರೆ ಗೊತ್ತಾಗುತ್ತದೆ.

ಒಡೆದ ಇಟ್ಟಿಗೆ, ಕಾಂಕ್ರೀಟ್ ಚೂರು ನೆಲದಡಿ ತುಂಬಲು ನಡೆಯುತ್ತದೆ. ಜಿಪ್ಸಂ ಬೋರ್ಡ್ ತುಂಡು ಅದರಲ್ಲಿ ಸೇರಬಾರದು. ತೇವಕ್ಕೆ ಮೆತ್ತಗಾಗಿ ನೆಲ ಕುಸಿಯುತ್ತದೆ. ಅದಕ್ಕೆ ಮೊದಲ ದಿನವೇ ಬೇರೆ ಮೂಲೆ ತೋರಿಸಿಬಿಡಿ.