ಕಂಬಕ್ಕೆ ಕಾವಲಿಟ್ಟ ಮೇಲೆ ಕಾಳು ಉಳಿಯಿತು

ನ್ಯೂಜೆರ್ಸಿಯ ನಮ್ಮ ಮನೆ ಹಿತ್ತಲಲ್ಲಿ ಮೊದಲ ಸಲ ಫೀಡರ್, ಅಂದರೆ ಹಕ್ಕಿಗಳಿಗೆ ಕಾಳು ಹಾಕಿಡುವ ಡಬ್ಬ, ನೇತುಹಾಕಿದ್ದು ಮೇಪಲ್ ಮರದ ಕೊಂಬೆಗೆ. ಅಡುಗೆಮನೆ ಕಿಟಕಿಗೆ ಎದುರು. ಕೆಂಪು ಕಾರ್ಡಿನಲ್, ಪುಟಾಣಿ ಚಿಕಡೀ, ಹಳದಿ ಗೋಲ್ಡ್‌ಫಿಂಚ್ ಎಲ್ಲ ಬಂದವು. ನಾಲ್ಕನೇ ದಿನ ಬೆಳಿಗ್ಗೆ ನೋಡಿದರೆ ಫೀಡರ್ ನೆಲದ ಮೇಲೆ, ಮುಚ್ಚಳ ಇನ್ನೊಂದು ಕಡೆ, ಒಂದು ಕಾಳೂ ಇಲ್ಲ. ಅಳಿಲಿನ ಕೆಲಸ ಅಂದುಕೊಂಡೆ. ಆದರೆ ಇಲ್ಲಿನ ಬೂದು ಅಳಿಲು ರಾತ್ರಿ ಓಡಾಡುವುದಿಲ್ಲ ಅಲ್ವಾ? ಮಾರನೇ ರಾತ್ರಿ ಟಾರ್ಚ್ ಬಿಟ್ಟೆ. ಕಣ್ಣಿನ ಸುತ್ತ ಕಪ್ಪು ಪಟ್ಟಿಯ, ರಕೂನ್ ಅನ್ನುವ ಪ್ರಾಣಿ ಕೊಂಬೆ ಮೇಲೆ ಆರಾಮಾಗಿ ಕೂತಿತ್ತು. ನನ್ನನ್ನು ನೋಡಿತು, ತಿನ್ನುವುದನ್ನು ಮಾತ್ರ ಬಿಡಲಿಲ್ಲ.

ಅದರ ಮುಂಗಾಲನ್ನು ಕಾಲು ಅನ್ನಲು ಬಾಯಿ ಬರುವುದಿಲ್ಲ, ಕೈಯೇ ಸರಿ. ಕೊಕ್ಕೆ ಬಿಚ್ಚುತ್ತದೆ, ಮುಚ್ಚಳ ಎತ್ತುತ್ತದೆ. ನಾನು ತಂತಿ ಬಿಗಿದೆ, ಅದು ಫೀಡರನ್ನೇ ಎಳೆದು ಕೆಡವಿತು. ಆಮೇಲೆ ಮರದ ಸಹವಾಸ ಬಿಟ್ಟು ಕಬ್ಬಿಣದ ಕಂಬ ನೆಟ್ಟೆ. ಅದನ್ನೂ ಸಲೀಸಾಗಿ ಹತ್ತಿತು. ಕಂಬಕ್ಕೆ ಗ್ರೀಸ್ ಬಳಿ ಅಂದರು ಗೆಳೆಯರು. ದಯವಿಟ್ಟು ಬಳಿಯಬೇಡಿ. ಗರಿಗೆ ಮೆತ್ತಿಕೊಂಡರೆ ಹಕ್ಕಿಗೆ ಹಾರುವುದೂ ಕಷ್ಟ, ಚಳಿಯಲ್ಲಿ ಮೈ ಬೆಚ್ಚಗಿಟ್ಟುಕೊಳ್ಳುವುದೂ ಕಷ್ಟ. ಕಾಳಿಗೆ ಖಾರದ ಪುಡಿಯನ್ನೂ ಕಲಸಿದೆ. ಮೆಣಸಿನಕಾಯಿಯ ಖಾರ ಹಕ್ಕಿಗೆ ಉರಿಯುವುದಿಲ್ಲ, ಪ್ರಾಣಿಗಳಿಗೆ ಉರಿಯುತ್ತದೆ. ಕಲಸುವಾಗ ಗಾಳಿ ಬೀಸಿ ಮೊದಲು ಉರಿದದ್ದು ನನ್ನ ಕಣ್ಣು. ಅಲ್ಲಿಗೆ ಅದೂ ಮುಗಿಯಿತು.

ಕೊನೆಗೆ ಕೆಲಸಕ್ಕೆ ಬಂದದ್ದು ಒಲೆಯ ಹೊಗೆ ಹೋಗುವ ತಗಡಿನ ಕೊಳವೆ. 8 ಇಂಚು ಅಗಲ, 2 ಅಡಿ ಉದ್ದದ್ದು. ಮೇಲಿನ ಬಾಯಿಗೆ ತಗಡಿನ ಬಿಲ್ಲೆ ಮುಚ್ಚಿ, ನಡುವೆ ಕಂಬ ತೂರುವಷ್ಟೇ ತೂತು ಮಾಡಿದೆ. ಕಂಬಕ್ಕೆ ಒಂದು ಕ್ಲ್ಯಾಂಪ್ ಬಿಗಿದು, ಅದರ ಮೇಲೆ ಬಿಲ್ಲೆ ಕೂರುವ ಹಾಗೆ ಕೊಳವೆ ಇಳಿಬಿಟ್ಟೆ. ಬಿಗಿಯಾಗಿರಬಾರದು, ಅಲ್ಲಾಡಬೇಕು. ಕಂಬ ಹತ್ತಿ ಬಂದ ರಕೂನ್ ಕೊಳವೆಯೊಳಗೆ ತಲೆ ತೂರಿಸಿದರೆ ಮೇಲೆ ದಾರಿಯಿಲ್ಲ. ಹೊರಗಿನಿಂದ ತಬ್ಬಿ ಹತ್ತೋಣ ಅಂದರೆ ತಗಡು ಜಾರುತ್ತದೆ. ಮೊದಲು ತೀರಾ ಕೆಳಗೆ ಹಾಕಿದ್ದೆ, ಅಳಿಲು ನೆಲದಿಂದಲೇ ಎಗರಿ ಅದನ್ನು ದಾಟಿತು. ಕೊಳವೆಯ ಮೇಲಿನ ತುದಿ ನೆಲದಿಂದ 5 ಅಡಿಗೆ ಏರಿಸಿದ ಮೇಲೆ ಸರಿಹೋಯಿತು. ಕಂಬವನ್ನು ಮರ, ಬೇಲಿ, ಸೂರಿನಿಂದ 10 ಅಡಿಗಿಂತ ಜಾಸ್ತಿ ದೂರ ನೆಡಿ. ಇಲ್ಲದಿದ್ದರೆ ಅಳಿಲು ಪಕ್ಕದಿಂದ ಹಾರಿ ಬರುತ್ತದೆ, ಕೊಳವೆ ಸುಮ್ನೆ ಅಲಂಕಾರಕ್ಕೆ.

ಕೆಳಗೆ ಉದುರಿದ ಕಾಳನ್ನು ಸಂಜೆ ಗುಡಿಸುತ್ತೇನೆ. ರಕೂನ್ ಹಿಕ್ಕೆ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ಅದರಲ್ಲಿ ಮನುಷ್ಯರಿಗೂ ಅಪಾಯ ಮಾಡುವ ಹುಳುವಿನ ಮೊಟ್ಟೆ ಇರಬಹುದು.

ಗೋಲ್ಡ್‌ಫಿಂಚ್‌ಗೆ ಇಲ್ಲಿ ನೈಜರ್ ಅಂತ ಒಂದು ಕಾಳು ಸಿಗುತ್ತದೆ. ಅಮ್ಮ ಊರಿನಿಂದ ಬಂದಿದ್ದಾಗ ಚೀಲಕ್ಕೆ ಕೈಹಾಕಿ, "ಇದು ನಮ್ಮ ಹುಚ್ಚೆಳ್ಳಲ್ವೇನೋ? ಚಟ್ನಿಪುಡಿ ಮಾಡ್ತೀನಿ ಇರು" ಅಂದಳು. ಹುಚ್ಚೆಳ್ಳೇ. ಮೊಳೆಯದ ಹಾಗೆ ಬಿಸಿ ಮಾಡಿ ಹಕ್ಕಿಗೆಂದೇ ಮಾರುವುದು ಅಂತ ಹೇಳಿ ತಡೆದೆ.

ಈಗಲೂ ಕೆಲವು ರಾತ್ರಿ ಹಿತ್ತಲಲ್ಲಿ ತಗಡು ಢಣ್ ಅನ್ನುತ್ತದೆ. ಎದ್ದು ನೋಡುವುದಿಲ್ಲ, ಮಗ್ಗುಲು ಬದಲಿಸುತ್ತೇನೆ.