ಗೇಟಿನ ಹೊರಗಿದ್ದವರನ್ನೂ ಎಣಿಸಿದ ಮೇಲೆ

ಬೆಂಗಳೂರಿನ ದಕ್ಷಿಣ ಭಾಗದ ಒಂದು ಹಳೆಯ ಬಡಾವಣೆಯಲ್ಲಿ ಉದ್ಯಾನ ಮತ್ತು ಮೈದಾನಗಳು ಜನರಿಗೆ ಎಷ್ಟರಮಟ್ಟಿಗೆ ಒದಗುತ್ತಿವೆ ಎಂದು ಪರಿಶೀಲಿಸುವ ಕೆಲಸ ಕೆಲವು ವರ್ಷಗಳ ಹಿಂದೆ ನನ್ನ ಪಾಲಿಗೆ ಬಂದಿತ್ತು. ನಾನು ವಿಸ್ತೀರ್ಣದ ಲೆಕ್ಕದಿಂದಲೇ ಆರಂಭಿಸಿದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯ್ದೆಯಂತೆ ಬಡಾವಣೆಯ ಶೇ 15ರಷ್ಟು ಜಾಗವನ್ನಾದರೂ ಉದ್ಯಾನ, ಆಟದ ಮೈದಾನಗಳಿಗೆ ಬಿಡಬೇಕು. ಕೇಂದ್ರ ಸರ್ಕಾರದ 2014ರ ನಗರ ಯೋಜನಾ ಮಾರ್ಗಸೂಚಿಯಂತೆ ತಲೆಗೆ 10ರಿಂದ 12 ಚದರ ಮೀಟರ್ ಬಯಲು ಜಾಗ ಇರಬೇಕು. ಮೊದಲನೆಯ ಅಳತೆಗೆ ಸರಿಹೊಂದಿದ ಬಡಾವಣೆ ಎರಡನೆಯದರಲ್ಲಿ ಬಹಳ ಹಿಂದೆ ಬಿದ್ದಿತು. ಒಂದು ಸೈಟಿಗೆ ಒಂದು ಸಂಸಾರ ಎಂದು ನಕ್ಷೆ ಬರೆದಿದ್ದ ಕಡೆ ಈಗ ಮೂರು, ನಾಲ್ಕು ಅಂತಸ್ತುಗಳು ಎದ್ದಿದ್ದರೂ ಪಾರ್ಕು ಮಾತ್ರ ಅಷ್ಟೇ ಉಳಿದಿತ್ತು.

ಮುಂದಿನದು ದೂರದ ಪ್ರಶ್ನೆ. ನಕ್ಷೆಯಲ್ಲಿ ಪಾರ್ಕಿನ ಸುತ್ತ 400 ಮೀಟರಿನ, ಅಂದರೆ ಐದು ನಿಮಿಷ ನಡಿಗೆಯ, ವೃತ್ತ ಎಳೆದಾಗ ಹೆಚ್ಚುಕಡಿಮೆ ಎಲ್ಲ ಮನೆಗಳೂ ಅದರೊಳಗೆ ಬಂದವು. ಆದರೆ ಹಿಂಬದಿಯ ವಠಾರದಿಂದ ನಾನೇ ನಡೆದು ನೋಡಿದಾಗ, ಗೇಟು ಒಂದೇ ಕಡೆ ಇದ್ದುದರಿಂದ, ಕಾಂಪೌಂಡು ಸುತ್ತಿ, ಮುಖ್ಯರಸ್ತೆ ದಾಟಿ ಒಳಗೆ ಹೋಗುವಷ್ಟರಲ್ಲಿ ಆ ದೂರ ದುಪ್ಪಟ್ಟಾಗಿತ್ತು. ಅಲ್ಲಿಯ ಮಕ್ಕಳು ಪಾರ್ಕಿನ ಗೋಡೆಗೇ ಇದ್ದಿಲಿನಲ್ಲಿ ವಿಕೆಟ್ ಬರೆದುಕೊಂಡು ರಸ್ತೆಯಲ್ಲಿ ಆಡುತ್ತಿದ್ದರು. ಅಂದಿನಿಂದ ನಾನು ವೃತ್ತ ಎಳೆಯುವುದನ್ನು ಬಿಟ್ಟು, ಗೇಟಿನಿಂದ ಹಿಡಿದು ನಡೆಯುವ ದಾರಿಯನ್ನೇ ಅಳೆಯುತ್ತೇನೆ.

ಜನರ ಎಣಿಕೆಯಲ್ಲಿ ಹೆಚ್ಚು ಕಲಿತೆ. ವಾರದ ದಿನ ಮತ್ತು ಭಾನುವಾರ, ಗಂಟೆಗೊಮ್ಮೆ ಒಂದು ಸುತ್ತು ಬಂದು ಗಂಡಸರು, ಹೆಂಗಸರು, ಮಕ್ಕಳು, ವೃದ್ಧರು ಎಷ್ಟು ಮಂದಿ, ಏನು ಮಾಡುತ್ತಿದ್ದಾರೆ ಎಂದು ಗುರುತು ಹಾಕಿಕೊಳ್ಳುವುದು ಕ್ರಮ. ಬೆಳಿಗ್ಗೆ ಹತ್ತಕ್ಕೆ ಬೀಗ ಬಿದ್ದರೆ ಮಧ್ಯಾಹ್ನದವರೆಗೆ ಅಲ್ಲಿ ಗೇಟು ತೆಗೆಯುತ್ತಿರಲಿಲ್ಲ. ಆ ಹೊತ್ತಿನ ಕಾಲಂನಲ್ಲಿ ಸೊನ್ನೆ ಬರೆಯುತ್ತಾ ಹೋಗಿದ್ದೆ. ಮೂರನೆಯ ದಿನ ಹನ್ನೊಂದು ಗಂಟೆಗೆ ಕಣ್ಣೆತ್ತಿ ನೋಡಿದರೆ, ಗೇಟಿನ ಹೊರಗೆ ಫುಟ್‌ಪಾತಿನ ಅಂಚಿನಲ್ಲಿ ಆರು ಮಂದಿ ಪೌರಕಾರ್ಮಿಕ ಮಹಿಳೆಯರು ಪೊರಕೆಗಳನ್ನು ಗೋಡೆಗೆ ಒರಗಿಸಿ, ಡಬ್ಬಿ ಬಿಚ್ಚಿ ಚಿತ್ರಾನ್ನ ತಿನ್ನುತ್ತಿದ್ದರು. ಒಳಗಿನ ಹೊಂಗೆ ಮರದ ನೆರಳು ಅವರವರೆಗೆ ಬರುತ್ತಿರಲಿಲ್ಲ. “ಬೀಗ ತೆಗೆದಿದ್ರೆ ಒಳಗೇ ಕೂತ್ಕೋತಿದ್ವಿ ಸಾರ್, ಅಲ್ಲಿ ನಲ್ಲಿನೂ ಐತೆ” ಎಂದರು ಒಬ್ಬರು.

ನಾನು ಬರೆದ ಸೊನ್ನೆಗಳು ಅಪಾಯಕಾರಿ ಎಂದು ಆಗ ಅರಿವಾಯಿತು. ಜನ ಬರದ ಜಾಗ ಎಂದು ಕಾಗದದ ಮೇಲೆ ಮೂಡಿದರೆ, ಅಲ್ಲಿ ಕಟ್ಟಡ ಕಟ್ಟಬೇಕೆನ್ನುವವರಿಗೆ ಅದೇ ಆಧಾರವಾಗುತ್ತದೆ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಡಲಾಗದು ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ತೀರ್ಪು ನೀಡಿದ್ದರೂ, ಇಂಥ ಒತ್ತಡ ನಿಂತಿಲ್ಲ. ಹಾಗಾಗಿ ಎಣಿಕೆಯ ಹಾಳೆಯಲ್ಲಿ ‘ಹೊರಗೆ ಉಳಿದವರು’ ಎಂಬ ಇನ್ನೊಂದು ಕಾಲಂ ಸೇರಿಸಿ, ಮೊದಲಿನಿಂದ ಮತ್ತೆ ಎಣಿಸಿದೆ.

ನೀರಿಂಗುವಿಕೆಯನ್ನೂ ಪರೀಕ್ಷಿಸಿದೆ: ಒಂದಡಿ ಗುಂಡಿ ತೋಡಿ, ನೀರು ತುಂಬಿಸಿ, ಇಳಿಯಲು ಹಿಡಿದ ಹೊತ್ತನ್ನು ಬರೆದುಕೊಂಡೆ. ಮರಗಳ ಬುಡದಲ್ಲಿ ಬೇಗ ಇಂಗಿದ ನೀರು, ಜನ ತುಳಿದು ಗಟ್ಟಿಯಾದ ಅಂಗಳದಲ್ಲಿ ಬಹಳ ಹೊತ್ತು ಹಾಗೇ ನಿಂತಿತ್ತು.

ವರದಿಯಲ್ಲಿ ಹೊಸ ಗಿಡಗಳಿಗಾಗಲಿ ಕಾರಂಜಿಗಾಗಲಿ ನಾನು ಹಣ ಕೇಳಲಿಲ್ಲ. ವಠಾರದ ಕಡೆಗೆ ಇನ್ನೊಂದು ಗೇಟು, ನಡು ಹಗಲಿನಲ್ಲಿಯೂ ತೆರೆದ ಬೀಗ, ಇವೆರಡನ್ನೇ ಮೊದಲು ಬರೆದೆ.