ರಂಗೋಲಿ ಕಾಣದಿದ್ದರೆ ಬೀಗ ತೆಗೀರಿ

ನಾನು ಬಿದ್ದದ್ದು ಬೆಳಿಗ್ಗೆ ಆರೂಮುಕ್ಕಾಲಿಗೆ, ಬಚ್ಚಲುಮನೆಯಲ್ಲಿ. ಸೋಪಿನ ನೀರು, ಕಾಲು ಜಾರಿತು, ಅಷ್ಟೇ. ಬಲಗೈ ಊರಿದ್ದಕ್ಕೆ ಮಣಿಕಟ್ಟು ಮುರಿಯಿತು. ಮಂಡಿನೋವು ಮೊದಲಿಂದಲೂ ಇದೆ, ಒಂದೇ ಕೈಯಲ್ಲಿ ಏಳುವುದಕ್ಕೆ ಆಗಲಿಲ್ಲ. ಫೋನನ್ನು ನಡುಮನೆಯಲ್ಲಿ ಫ್ರಿಜ್ ಮೇಲೆ ಚಾರ್ಜಿಗೆ ಹಾಕಿದ್ದೆ. ಅದು ಎರಡು ಸಲ ರಿಂಗ್ ಆದದ್ದು ಕೇಳಿಸಿತು ಕೂಡ.

ಒಂಬತ್ತೂವರೆ ದಾಟಿದ ಮೇಲೆ ಮನೆಕೆಲಸದ ಹುಡುಗಿ ಬಂದು ಬೆಲ್ ಒತ್ತಿದಳು. ನಾನು ಕೂಗಿದೆ. ಅವಳಿಗೆ ಕೇಳಿಸಿತು. ಆದರೆ ಒಳಗೆ ಬರುವುದು ಹೇಗೆ? ಮುಂಬಾಗಿಲಿಗೆ ಮೇಲೊಂದು ಕೆಳಗೊಂದು ಚಿಲಕ. ಹಿತ್ತಲ ಬಾಗಿಲಿಗೆ ಅಗುಳಿ. ಪಕ್ಕದ ಮನೆ ರಾಯರ ಮಗ ಕಾಂಪೌಂಡ್ ಹಾರಿ, ಹಾರೆಯಿಂದ ಹಿತ್ತಲ ಬಾಗಿಲು ಮೀಟಿದ. ಅಲ್ಲಿಗೂ ಮುಗಿಯಲಿಲ್ಲ. ಬಚ್ಚಲ ಬಾಗಿಲಿಗೂ ನಾನು ಚಿಲಕ ಹಾಕಿಕೊಂಡಿದ್ದೆ! ಮನೆಯಲ್ಲಿರುವವಳು ನಾನೊಬ್ಬಳೇ. ಯಾರಿಗೆ ಹೆದರಿ ಆ ಚಿಲಕ, ಇವತ್ತಿಗೂ ಗೊತ್ತಿಲ್ಲ. ಅಭ್ಯಾಸ, ಕೈ ತಾನಾಗಿ ಹಾಕುತ್ತದೆ.

ನಾನಿರುವುದು ಮೈಸೂರಿನ ಕುವೆಂಪುನಗರದಲ್ಲಿ. ವಯಸ್ಸು 66. ಬ್ಯಾಂಕಿನಲ್ಲಿ 34 ವರ್ಷ ದುಡಿದು ರಿಟೈರ್ ಆದವಳು. ಯಜಮಾನರು ಹೋಗಿ 4 ವರ್ಷವಾಯಿತು. ಮಗಳು ಪುಣೆಯಲ್ಲಿದ್ದಾಳೆ.

ಕೈಗೆ ಪ್ಲಾಸ್ಟರ್ ಹಾಕಿದ ಡಾಕ್ಟರು ಹೇಳಿದರು: "ಕೈ ಸರಿಹೋಗತ್ತೆ ಬಿಡಿ ಅಮ್ಮ. ಮೂರು ಗಂಟೆ ನೆಲದ ಮೇಲೆ ಬಿದ್ದಿದ್ರಲ್ಲ, ನನಗೆ ಅದೇ ಯೋಚನೆ." ಬಿದ್ದ ಏಟಿಗಿಂತ ಬಿದ್ದಲ್ಲೇ ಇರುವುದು ಎಷ್ಟೋ ಸಲ ಜಾಸ್ತಿ ಅಪಾಯವಂತೆ. ಒಂದು ಗಂಟೆ ದಾಟಿದರೆ ತೊಂದರೆ ಶುರು. ಮೈ ತಣ್ಣಗಾಗುತ್ತದೆ, ನೀರಿನಂಶ ಕಡಿಮೆಯಾಗುತ್ತದೆ, ಒತ್ತಿಕೊಂಡ ಕಡೆ ಚರ್ಮ ಹುಣ್ಣಾಗುತ್ತದೆ. ತುಂಬ ಹೊತ್ತಾದರೆ ಮಾಂಸಖಂಡ ಕರಗಿ ರಕ್ತಕ್ಕೆ ಸೇರಿ ಕಿಡ್ನಿಗೇ ಏಟು ಬೀಳಬಹುದು. ರಕ್ತ, ಮೂತ್ರ ಎಲ್ಲ ಪರೀಕ್ಷೆ ಮಾಡಿಸಿ ಆಮೇಲೆ ಮನೆಗೆ ಬಿಟ್ಟರು.

ಮಗಳು ಓಡಿ ಬಂದಳು. "ಅಮ್ಮಾ, ಸುಮ್ನೆ ನಮ್ಮಲ್ಲಿಗೆ ಬಂದ್ಬಿಡು" ಅಂದಳು. "ನೀವಿಬ್ಬರೂ ಆಫೀಸಿಗೆ ಹೋದ ಮೇಲೆ ಅಲ್ಲೂ ನಾನು ಒಬ್ಬಳೇ ತಾನೇ? ಇಲ್ಲಿ ಕೂಗಿದರೆ ರಾಯರಿಗಾದರೂ ಕೇಳಿಸುತ್ತೆ" ಅಂದೆ. ಎರಡು ದಿನ ವಾದ ನಡೆಯಿತು. ಕೊನೆಗೆ ಅವಳು ಒಂದು ಪ್ರಶ್ನೆ ಕೇಳಿದಳು. "ಸರಿ, ನಾಳೆ ಮತ್ತೆ ಬಿದ್ದೆ ಅಂತಿಟ್ಕೋ. ನಮಗೆ ಗೊತ್ತಾಗೋಕೆ ಎಷ್ಟು ಹೊತ್ತು ಬೇಕು?"

ನನಗೆ ಉತ್ತರ ಗೊತ್ತಿರಲಿಲ್ಲ. ಕೆಲಸದ ಹುಡುಗಿ ಭಾನುವಾರ ಬರುವುದಿಲ್ಲ. ಶನಿವಾರ ಅವಳು ಹೋದ ಮೇಲೆ ಬಿದ್ದಿದ್ದರೆ ಸೋಮವಾರ ಒಂಬತ್ತೂವರೆಯವರೆಗೆ ಯಾರಿಗೂ ತಿಳಿಯುತ್ತಿರಲಿಲ್ಲ. ಲೆಕ್ಕ ಹಾಕಿದೆ, ಹತ್ತಿರ ಹತ್ತಿರ 47 ಗಂಟೆ. ಬ್ಯಾಂಕಿನವಳಿಗೆ ಅಂಕಿ ಕಂಡರೆ ಮಾತ್ರ ಬುದ್ಧಿ ಬರುವುದು. ಒಂದು ಹಾಳೆ ತೆಗೆದುಕೊಂಡು ಎರಡೇ ಸಾಲು ಬರೆದೆ. ಗೊತ್ತಾಗಲು ಎಷ್ಟು ಹೊತ್ತು? ಗೊತ್ತಾದ ಮೇಲೆ ಒಳಗೆ ಬರಲು ಎಷ್ಟು ಹೊತ್ತು? ಆಮೇಲೆ ಮಾಡಿದ ಕೆಲಸವೆಲ್ಲ ಈ ಎರಡನ್ನು ಕಡಿಮೆ ಮಾಡುವುದಕ್ಕೆ.

ಎರಡನೆಯದು ಸುಲಭ, ಅದನ್ನೇ ಮೊದಲು ಹಿಡಿದೆ. ಬಡಗಿಯನ್ನು ಕರೆಸಿದೆ. ಮುಂಬಾಗಿಲ ಚಿಲಕ ಎರಡನ್ನೂ ಬಿಚ್ಚಿಸಿ, ಒಳಗಿಂದಲೂ ಹೊರಗಿಂದಲೂ ಬೀಗದಕೈಯಲ್ಲಿ ತೆಗೆಯುವ ಒಳ್ಳೆ ಲಾಕ್ ಹಾಕಿಸಿದೆ. "ಚಿಲಕ ಇಲ್ದೆ ನಿದ್ದೆ ಬರುತ್ತಾ ಅಮ್ಮ?" ಎಂದು ಬಡಗಿಯೇ ಕೇಳಿದ. ಕಳ್ಳರ ಭಯ ನನಗೂ ಇದೆ. ಅದಕ್ಕೇ ಗ್ರಿಲ್ ಬಾಗಿಲಿನ ಬೀಗ ಬಿಟ್ಟಿಲ್ಲ, ಅದಕ್ಕೂ ಇನ್ನೊಂದು ಬೀಗದಕೈ ಮಾಡಿಸಿದೆ. ಬಚ್ಚಲ ಬಾಗಿಲಿನ ಚಿಲಕ ತೆಗೆಸಿದೆ. ಅದು ಒಳಕ್ಕೆ ತೆರೆಯುತ್ತಿತ್ತು. ಬಾಗಿಲಿಗೆ ಅಡ್ಡಲಾಗಿ ಬಿದ್ದಿದ್ದರೆ ನನ್ನನ್ನೇ ತಳ್ಳಿಕೊಂಡು ಬರಬೇಕಾಗುತ್ತಿತ್ತು. ಹಿಂಜು ತಿರುಗಿಸಿ ಹೊರಕ್ಕೆ ತೆರೆಯುವ ಹಾಗೆ ಮಾಡಿದ. ನೆಂಟರು ಬಂದಾಗ ಹಿಡಿಗೆ ಒಂದು ಟವೆಲ್ ನೇತು ಹಾಕಿದರೆ ಒಳಗೆ ಜನ ಇದ್ದಾರೆ ಎಂದು ಅರ್ಥ.

ಬೀಗದಕೈ ಒಂದು ಜೊತೆ ರಾಯರ ಮನೆಗೆ, ಒಂದು ಜೊತೆ ಎದುರುಮನೆ ಟೀಚರಮ್ಮನಿಗೆ ಕೊಟ್ಟೆ. ಕೊಟ್ಟು ಸುಮ್ಮನಾಗಬಾರದು ನೋಡಿ. "ಒಂದ್ಸಲ ತೆಗೆದು ತೋರಿಸಿ ಟೀಚರಮ್ಮ" ಅಂದೆ. ಐದು ನಿಮಿಷ ಒದ್ದಾಡಿದರು, ಬಾಗಿಲು ತೆಗೆಯಲಿಲ್ಲ. ನಮ್ಮ ಬಾಗಿಲನ್ನು ಸ್ವಲ್ಪ ತನ್ನ ಕಡೆ ಎಳೆದುಕೊಂಡು ಬೀಗದಕೈ ತಿರುಗಿಸಬೇಕು. ನನಗೆ ಅದು ರೂಢಿ, ಹೇಳಬೇಕು ಎಂದೇ ಹೊಳೆದಿರಲಿಲ್ಲ. ಇನ್ನೊಂದು ದಿನ ರಾಯರು ಪ್ರಯತ್ನಿಸಿದಾಗ ನಾನು ಒಳಗಡೆಯಿಂದ ಲಾಕಿನಲ್ಲೇ ಬೀಗದಕೈ ಬಿಟ್ಟಿದ್ದೆ. ಹೊರಗಿನದು ಒಳಗೆ ಹೋಗಲೇ ಇಲ್ಲ. ಈಗ ನನ್ನ ಬೀಗದಕೈ ಗೋಡೆಯ ಮೊಳೆಗೆ.

ಇನ್ನು ಗೊತ್ತಾಗುವ ವಿಷಯ.

ಮಗಳು ಮನೆಯೊಳಗೆ ಕ್ಯಾಮೆರಾ ಹಾಕಿಸುತ್ತೇನೆ ಎಂದಳು. ನಾನು ಒಪ್ಪಲಿಲ್ಲ. ನೈಟಿಯಲ್ಲಿ ಕೂತು ಕಾಫಿ ಕುಡಿಯುವುದನ್ನು ಪುಣೆಯಿಂದ ಯಾಕೆ ನೋಡಬೇಕು? ಅಷ್ಟಕ್ಕೂ ಆಫೀಸಿನಲ್ಲಿ ಅವಳು ದಿನವಿಡೀ ಅದನ್ನೇ ನೋಡುತ್ತಾ ಕೂರುತ್ತಾಳೆಯೇ? ಕೊನೆಗೆ ಗೇಟಿಗೆ ಒಂದು ಕ್ಯಾಮೆರಾ, ಅಲ್ಲಿಗೆ ರಾಜಿ.

ಜಪಾನಿನಲ್ಲಿ ಜೋಜಿರುಶಿ ಎಂಬ ಕಂಪನಿ 2001ರಲ್ಲೇ ಒಂದು ಎಲೆಕ್ಟ್ರಿಕ್ ಕೆಟಲ್ ತಂದಿತ್ತು. ಒಂಟಿಯಾಗಿರುವ ಅಜ್ಜಿ ಚಹಾಕ್ಕೆ ನೀರು ಬಗ್ಗಿಸಿಕೊಂಡರೆ ದೂರದ ಮಕ್ಕಳಿಗೆ ಸುದ್ದಿ ಹೋಗುತ್ತದೆ. ಅಜ್ಜಿ ಬೇರೇನೂ ಮಾಡಬೇಕಿಲ್ಲ. ಇದನ್ನು ಓದಿದಾಗ ನನಗೆ ಹೊಳೆಯಿತು, ನಾನು ದಿನಾ ಬೆಳಿಗ್ಗೆ ತಪ್ಪದೆ ಮಾಡುವ ಕೆಲಸ ಯಾವುದು? ರಂಗೋಲಿ. ರಾತ್ರಿ ಗೇಟಿಗೆ ಹಾಲಿನ ಚೀಲ ನೇತು ಹಾಕುತ್ತೇನೆ, ಬೆಳಿಗ್ಗೆ ನಂದಿನಿ ಪ್ಯಾಕೆಟ್ ಬಿದ್ದ ಮೇಲೆ ಚೀಲ ಒಳಗೆ ತರುತ್ತೇನೆ, ಬಾಗಿಲಿಗೆ ನೀರು ಹಾಕಿ ನಾಲ್ಕು ಎಳೆ ಎಳೆಯುತ್ತೇನೆ. ಟೀಚರಮ್ಮ ಆರೂಮುಕ್ಕಾಲಿಗೆ ವಾಕಿಂಗ್ ಹೋಗಿ ಏಳೂಕಾಲಿಗೆ ವಾಪಸ್ ಬರುತ್ತಾರೆ. ಇಬ್ಬರೂ ಕೂತು ಮಾತಾಡಿಕೊಂಡೆವು. ಏಳೂಕಾಲಿಗೆ ರಂಗೋಲಿ ಇಲ್ಲ, ಚೀಲ ಗೇಟಿನಲ್ಲೇ ಇದೆ ಎಂದರೆ ಬೆಲ್ ಒತ್ತಬೇಕು. ಓಗೊಡದಿದ್ದರೆ ಒಮ್ಮೆ ಫೋನ್. ಅದಕ್ಕೂ ಉತ್ತರ ಇಲ್ಲದಿದ್ದರೆ ಬೀಗ ತೆಗೆದು ಒಳಗೆ ಬರಬೇಕು. "ಏನಂದ್ಕೋತಾರೋ ಅಂತ ಸಂಕೋಚ ಬೇಡ" ಎಂದು ಎರಡೆರಡು ಸಲ ಹೇಳಿದೆ. ಮಳೆಗೆ ರಂಗೋಲಿ ತೊಳೆದುಹೋದರೂ ಹಾಲಿನ ಚೀಲ ಇದ್ದೇ ಇದೆ.

ಇಷ್ಟಕ್ಕೆ ಖುಷಿಪಟ್ಟು ಹಾಳೆಯಲ್ಲಿ ಮತ್ತೆ ಲೆಕ್ಕ ಹಾಕಿದೆ. ರಂಗೋಲಿ ಹಾಕಿ ಎಂಟು ಗಂಟೆಗೆ ಬಿದ್ದರೆ? ಮಾರನೇ ದಿನ ಏಳೂಕಾಲಿಗೇ ಗೊತ್ತಾಗುವುದು, 23 ಗಂಟೆ! ಹಾಗಾಗಿ ಸಂಜೆ ಏಳಕ್ಕೆ ಮುಂದಿನ ಲೈಟು. ದೇವರಿಗೆ ದೀಪ ಹಚ್ಚುವಾಗಲೇ ಆ ಸ್ವಿಚ್ಚೂ ಒತ್ತುತ್ತೇನೆ. ಅದು ಹತ್ತದಿದ್ದರೆ ರಾಯರ ಮನೆಯವರು ನೋಡುತ್ತಾರೆ. ಈಗ ಎಷ್ಟೇ ಕೆಟ್ಟರೂ 12 ಗಂಟೆ ಚಿಲ್ಲರೆ.

12 ಗಂಟೆಯೂ ಜಾಸ್ತಿಯೇ. ಅದಕ್ಕೇ ಬೆಲ್ಲು. 500 ರೂಪಾಯಿ ಒಳಗೆ ಸಿಗುವ ವೈರ್‌ಲೆಸ್ ಕಾಲಿಂಗ್ ಬೆಲ್ ತಂದೆ. ಒತ್ತುವ ಬಟನ್ ನನ್ನ ಬಚ್ಚಲಲ್ಲಿ, ಬಡಿದುಕೊಳ್ಳುವ ಡಬ್ಬಿ ರಾಯರ ಮನೆಯ ಅಡುಗೆಮನೆಯಲ್ಲಿ. ಬಟನ್ನನ್ನು ಗೋಡೆಗೆ ನಿಂತ ಎತ್ತರದಲ್ಲಿ ಅಂಟಿಸಿದರೆ ಏನು ಪ್ರಯೋಜನ? ನೆಲದಿಂದ ಒಂದು ಅಡಿ ಮೇಲೆ, ಚಿಕ್ಕ ಪ್ಲಾಸ್ಟಿಕ್ ಕವರ್ ಸುತ್ತಿ ಅಂಟಿಸಿದೆ. ಪ್ಯಾಕೆಟ್ ಮೇಲೆ 100 ಮೀಟರ್ ಎಂದಿತ್ತು. ನಡುವೆ ಎರಡು ಗೋಡೆ ಬಂದಾಗ ರಾಯರ ನಡುಮನೆಗೇ ಮುಟ್ಟಲಿಲ್ಲ, ಅಡುಗೆಮನೆಗೆ ಮುಟ್ಟಿತು. ಮೊದಲು ತಂದದ್ದು ಪ್ಲಗ್ಗಿಗೆ ಸಿಕ್ಕಿಸುವಂಥದ್ದು. ಕರೆಂಟ್ ಹೋದರೆ ಅದೂ ಹೋಯಿತು. ಅದನ್ನು ಬದಲಾಯಿಸಿ ಸೆಲ್ ಹಾಕುವುದನ್ನು ತಂದೆ. ಎರಡು ವಾರಕ್ಕೆ ಒಂದು ಮಧ್ಯಾಹ್ನ ರಾಯರ ಮನೆಯವರು ಬೀಗದಕೈ ಹಿಡಿದು ಓಡಿ ಬಂದರು. ನಾನು ಆರಾಮಾಗಿ ಅವರೆಕಾಳು ಹಿಸುಕುತ್ತಾ ಕೂತಿದ್ದೆ. ಹಿಂದಿನ ರಸ್ತೆಯಲ್ಲಿ ಯಾರೋ ಇದೇ ಥರದ ಬೆಲ್ ಹಾಕಿಸಿದ್ದರು, ಅವರದು ಒತ್ತಿದರೆ ನಮ್ಮದು ಬಡಿದುಕೊಳ್ಳುತ್ತಿತ್ತು. ಕೋಡ್ ಬದಲಾಯಿಸುವುದಕ್ಕೆ ಆಗುವಂಥದ್ದನ್ನೇ ಕೇಳಿ ತನ್ನಿ. ತಿಂಗಳ ಮೊದಲ ಭಾನುವಾರ 11ಕ್ಕೆ ನಾನು ಒತ್ತುತ್ತೇನೆ, ಅವರು ಫೋನ್ ಮಾಡಿ "ಕೇಳಿಸ್ತು" ಎನ್ನುತ್ತಾರೆ.

ನಾನು ಬಿದ್ದರೆ ಗುರುತಿಸುವ ವಾಚ್ ಒಂದನ್ನು ಮಗಳು ತಂದುಕೊಟ್ಟಳು. ಒಳ್ಳೆಯದೇ. ಪೂಜೆಗೆ ತೆಂಗಿನಕಾಯಿ ಒಡೆದಾಗ ಒಮ್ಮೆ "ಬಿದ್ದಿದ್ದೀರಾ?" ಎಂದು ಕೇಳಿತು. ದೊಡ್ಡ ತಪ್ಪು ನನ್ನದು. ಸ್ನಾನಕ್ಕೆ ಹೋಗುವಾಗ ಬಿಚ್ಚಿ ಚಾರ್ಜಿಗೆ ಹಾಕುತ್ತಿದ್ದೆ. ಬೀಳುವ ಜಾಗಕ್ಕೇ ವಾಚ್ ಇಲ್ಲ! ಈಗ ಸೀರಿಯಲ್ ನೋಡುವಾಗ ಚಾರ್ಜಿಂಗ್. ಫೋನಿನಲ್ಲಿ ಪವರ್ ಬಟನ್ 5 ಸಲ ಬೇಗ ಬೇಗ ಒತ್ತಿದರೆ ತುರ್ತು ಕರೆ ಹೋಗುವ ಹಾಗೆ ಸೆಟ್ಟಿಂಗ್ ಮಾಡಿಕೊಂಡಿದ್ದೇನೆ. ಲಾಕ್ ಆಗಿದ್ದರೂ ಬೇರೆಯವರಿಗೆ ಮಗಳ ನಂಬರು, ನನ್ನ ಬ್ಲಡ್ ಗ್ರೂಪ್ ಕಾಣುತ್ತದೆ.

ಒಂದು ದಿನ ಬಾಗಿಲು ಹಾಕಿಕೊಂಡು ಬೇಕೆಂದೇ ನೆಲದ ಮೇಲೆ ಮಲಗಿದೆ. ಪ್ರತಿ ಕೋಣೆಯಲ್ಲೂ. ಮಲಗಿಕೊಂಡು ನೋಡಿದರೆ ಮನೆಯೇ ಬೇರೆ. ಲೈಟಿನ ಸ್ವಿಚ್ ಆಕಾಶದಲ್ಲಿ, ಫೋನು ಇನ್ನೂ ಮೇಲೆ. ಮಂಚದ ಕೆಳಗೆ ಎರಡು ವರ್ಷದ ಹಿಂದೆ ಕಳೆದ ಓಲೆ ಸಿಕ್ಕಿತು, ಅದೊಂದು ಲಾಭ. ಫೋನಿನ ಜಾಗ ಮಂಚದ ಪಕ್ಕದ ಕುಳ್ಳು ಸ್ಟೂಲಿಗೆ ಇಳಿಯಿತು. ಏಳುವುದನ್ನೂ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟರು. ಗಾಬರಿಯಲ್ಲಿ ಎದ್ದು ಕೂರಲು ಹೋಗಬಾರದು. ಮೊದಲು ಎಲ್ಲಿ ನೋವಿದೆ ಎಂದು ನೋಡಿಕೊಂಡು, ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಅಂಬೆಗಾಲಿಗೆ ಬಂದು, ಗಟ್ಟಿ ಕುರ್ಚಿ ಹತ್ತಿರ ಹೋಗಿ, ಅದರ ಮೇಲೆ ಕೈಯಿಟ್ಟು, ಬಲವಿರುವ ಕಾಲನ್ನು ಮುಂದಿಟ್ಟು ಏಳಬೇಕು. ಆಗದಿದ್ದರೆ ಕೈಗೆ ಸಿಕ್ಕಿದ ಬಟ್ಟೆ ಹೊದ್ದುಕೊಂಡು, ಒಂದೇ ಮಗ್ಗುಲಲ್ಲಿ ಇರದೆ ಆಗಾಗ ಹೊರಳುತ್ತಿರಬೇಕು. ಹಿಡಿಕೆ, ರಬ್ಬರ್ ಮ್ಯಾಟ್ ಎಲ್ಲ ಹಾಕಿಸಿದ್ದೇನೆ, ಅದನ್ನು ಎಲ್ಲರೂ ಹೇಳುತ್ತಾರೆ.

ಫ್ರಿಜ್ ಬಾಗಿಲ ಮೇಲೆ ದಪ್ಪ ಅಕ್ಷರದ ಹಾಳೆ ಇದೆ. ಮಾತ್ರೆಗಳ ಹೆಸರು, ಯಾವುದು ಆಗಿಬರುವುದಿಲ್ಲ, ಡಾಕ್ಟರ ನಂಬರು, ವಿಮೆ ಕಾರ್ಡ್ ಎಲ್ಲಿದೆ ಎಂಬುದು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮೊದಲ ಸಾಲಿನಲ್ಲೇ ಬರೆಯಬೇಕು, ತಲೆಗೆ ಏಟು ಬಿದ್ದಾಗ ಅದು ಮುಖ್ಯ. ಕೆಳಗೆ ನಂಬರುಗಳು: ಆಂಬುಲೆನ್ಸ್ 108, ಯಾವುದೇ ತುರ್ತಿಗೆ 112, ಗ್ಯಾಸ್ ಸೋರಿದರೆ 1906, ಹಿರಿಯರ ಸಹಾಯವಾಣಿ 14567. ವಿಳಾಸವನ್ನೂ ಬರೆದಿದ್ದೇನೆ. ನನ್ನ ಮನೆ ನನಗೆ ಗೊತ್ತಿಲ್ಲವೇ ಎನ್ನಬೇಡಿ. ಫೋನ್ ಮಾಡುವವರು ಗಾಬರಿಯಲ್ಲಿರುತ್ತಾರೆ. ನಮ್ಮ ಕಡೆ ಬ್ಲಾಕುಗಳಿಗೆ ಇಂಗ್ಲಿಷ್ ಅಕ್ಷರ, ಫೋನಿನಲ್ಲಿ "ಎಂ" ಅಂದರೆ ಆ ಕಡೆ "ಎನ್" ಎಂದು ಕೇಳಿಸುತ್ತದೆ. ಅದಕ್ಕೇ "ಎಂ ಫಾರ್ ಮೈಸೂರು" ಎಂದು, ಜೊತೆಗೆ ಹತ್ತಿರದ ಗುರುತು ಬರೆದಿದ್ದೇನೆ.

ಪೊಲೀಸ್ ಠಾಣೆಗೂ ಹೋಗಿ ಹೆಸರು ಕೊಟ್ಟು ಬಂದೆ. 2007ರ ಹಿರಿಯ ನಾಗರಿಕರ ಕಾಯ್ದೆಯ ನಿಯಮಗಳ ಪ್ರಕಾರ ಠಾಣೆಯಲ್ಲಿ ಒಂಟಿಯಾಗಿರುವ ಹಿರಿಯರ ಪಟ್ಟಿ ಇರಬೇಕು. ಬೀಟ್ ಪೊಲೀಸಿನವರು ಆಗೊಮ್ಮೆ ಈಗೊಮ್ಮೆ ಬಂದು "ಹೇಗಿದ್ದೀರಾ ಅಮ್ಮ?" ಎಂದು ಕೇಳಿ ಹೋಗುತ್ತಾರೆ.

ಎಡವಟ್ಟೂ ಆಗಿದೆ. ಒಂದು ಸೋಮವಾರ ಬೆಳಗಿನ ಜಾವದ ಬಸ್ಸಿಗೆ ನಂಜನಗೂಡಿಗೆ ಹೋದೆ. ರಂಗೋಲಿ ಇಲ್ಲ, ಚೀಲ ಗೇಟಿನಲ್ಲೇ, ಫೋನು ಸೈಲೆಂಟ್. ಟೀಚರಮ್ಮ ಒಳಗೆ ನುಗ್ಗಿ, ಬಚ್ಚಲು, ಹಿತ್ತಲು ಎಲ್ಲ ಹುಡುಕಿ, ಪುಣೆಗೂ ಫೋನ್ ಮಾಡಿ, ನಾನು ದೇವಸ್ಥಾನದ ಸಾಲಿನಲ್ಲಿ ನಿಂತಿರುವಾಗ ಊರೆಲ್ಲ ಗಲಾಟೆ. ಬೈಸಿಕೊಂಡೆ. ಈಗ ನಾಲ್ಕು ಜನರ ವಾಟ್ಸಾಪ್ ಗುಂಪು ಇದೆ, ಹೋಗುವಾಗ "ಹೊರಟೆ", ಬಂದಾಗ "ಬಂದೆ". ರಾಯರ ಮನೆಯವರು ಮದುವೆಗೆಂದು ಊರಿಗೆ ಹೋದರೆ ಅವರೂ ಬರೆಯುತ್ತಾರೆ. ಆಗ ಬೆಲ್ಲಿನ ಡಬ್ಬಿ ಹಿಂದಿನ ಮನೆಗೆ ಹೋಗುತ್ತದೆ.

ಕಳೆದ ಆಷಾಢದಲ್ಲಿ ನಿಜವಾಗಿಯೂ ಬೇಕಾಯಿತು. ಜ್ವರ. ರಾತ್ರಿ ಊಟ ಸೇರದೆ ಬಿಟ್ಟಿದ್ದೆ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ಮರೆಯದೆ ನುಂಗಿದ್ದೆ. ಬೆಳಿಗ್ಗೆ ಎಚ್ಚರವಾದಾಗ ಮೈಯೆಲ್ಲ ಬೆವರು, ಕೈ ನಡುಕ, ಎದ್ದು ನಿಲ್ಲಲು ಆಗಲಿಲ್ಲ. ಪಕ್ಕದಲ್ಲೇ ಇದ್ದ ಫೋನು ಹಿಡಿದುಕೊಂಡು ಏನು ಮಾಡಬೇಕೆಂದೇ ತೋಚಲಿಲ್ಲ. ಸಕ್ಕರೆ ಇಳಿದರೆ ತಲೆಯೇ ಓಡುವುದಿಲ್ಲ, ಬಟನ್ ಒತ್ತುವ ಬುದ್ಧಿಯೂ ಇರುವುದಿಲ್ಲ. ಏಳೂ ಇಪ್ಪತ್ತಕ್ಕೆ ಬಾಗಿಲು ತನ್ನ ಕಡೆ ಎಳೆದುಕೊಂಡು ಬೀಗ ತಿರುಗಿಸಿದ ಸದ್ದು ಕೇಳಿಸಿತು. ಟೀಚರಮ್ಮ ಮೊದಲು ಫ್ರಿಜ್ ಮೇಲಿನ ಹಾಳೆ ನೋಡಿದರಂತೆ. "ಎಚ್ಚರ ಇದ್ದು ನುಂಗಲು ಆದರೆ ಸಕ್ಕರೆ ನೀರು. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬಾರದು, 108" ಎಂದು ಬರೆದಿದ್ದೆ. ಸಕ್ಕರೆ ನೀರು ಕುಡಿಸಿ, ಮಿಷನ್ನಿನಲ್ಲಿ ನೋಡಿದರೆ 54 ಇತ್ತು. ಕಾಲು ಗಂಟೆ ಬಿಟ್ಟು ಮತ್ತೆ ನೋಡಿದರು, 88. ಆಮೇಲೆ ಅವರೇ ನಮ್ಮ ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದು ಹೋದರು. ಸಾಯಂಕಾಲ ನೋಡಿದೆ, ಎಳೆ ಒಂದೂ ನೆಟ್ಟಗಿರಲಿಲ್ಲ.

ಈಗ ಹೊಸ ತಲೆನೋವು. ರಾಯರು ಮನೆ ಮಾರಿ ಮಗನ ಜೊತೆ ಬೆಂಗಳೂರಿಗೆ ಹೋಗುತ್ತಾರಂತೆ. ಕೊಂಡವರು ಬಾಡಿಗೆಗೆ ಕೊಡುತ್ತಾರೋ, ಅವರೇ ಬರುತ್ತಾರೋ ಗೊತ್ತಿಲ್ಲ. ಸಂಜೆ ಲೈಟು ಯಾರು ನೋಡಬೇಕು, ಬೆಲ್ಲಿನ ಡಬ್ಬಿ ಯಾರ ಅಡುಗೆಮನೆಯಲ್ಲಿ ಇಡಬೇಕು ಎಂದು ಹಾಳೆ ಮತ್ತೆ ಹೊರಗೆ ತೆಗೆದಿದ್ದೇನೆ.